ಬೀಸುಕಲ್ಲಿಗೆ ಡಿಜಿಟಲ್ ರೇಖೆ: ಹಳೆಯ ಮನೆಬಳಕೆಯ ವಸ್ತುಗಳನ್ನು ಕಂಪ್ಯೂಟರಿನಲ್ಲಿ ಚಿತ್ರಿಸುವ ಬಗೆ

ಕೊಪ್ಪಳ: ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಕೋಳಿ ಕೂಗುವ ಮುನ್ನವೇ ಕೇಳಿಬರುತ್ತಿದ್ದ ಬೀಸುಕಲ್ಲಿನ ಸದ್ದು ಇಂದು ಬಹುಮಟ್ಟಿಗೆ ನಿಂತುಹೋಗಿದೆ. ಹಿಟ್ಟಿನ ಗಿರಣಿ ಊರಿಗೆ ಬಂದ ಮೇಲೆ ಕಲ್ಲು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ತಿಪ್ಪೆಯ ಬದಿಗೆ ಸರಿಯಿತು. ಕೆಲವು ಮನೆಗಳಲ್ಲಿ ಅದರ ಮೇಲಿನ ಕಲ್ಲು ಬಚ್ಚಲಿನ ಮೆಟ್ಟಿಲಾಗಿದೆ. ಹಿತ್ತಾಳೆ, ತಾಮ್ರದ ವಸ್ತುಗಳ ಗತಿ ಇನ್ನೂ ಬೇರೆ. ಕಲ್ಲಿಗೆ ತೂಕದ ಬೆಲೆ ಇಲ್ಲ, ಆದ್ದರಿಂದ ಬಿದ್ದಲ್ಲೇ ಬಿದ್ದಿರುತ್ತದೆ. ಹಿತ್ತಾಳೆಗೆ ತೂಕದ ಬೆಲೆ ಇದೆ, ಆದ್ದರಿಂದ ಗುಜರಿಗೆ ಹೋಗಿ ಕರಗುತ್ತದೆ.

ಇಂತಹ ವಸ್ತುಗಳನ್ನು ಕಂಪ್ಯೂಟರಿನ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಚಿತ್ರಿಸಿಡುವುದು ಈಗ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಸಾಧ್ಯವಿರುವ ಕೆಲಸ. ಮದುವೆಯ ಆಮಂತ್ರಣ ಪತ್ರಿಕೆ, ಜಾತ್ರೆಯ ಭಿತ್ತಿಪತ್ರ, ಶುಭಾಶಯದ ಫ್ಲೆಕ್ಸ್ ತಯಾರಿಸುವ ಡಿಟಿಪಿ ಅಂಗಡಿಗಳಲ್ಲಿ ಇದಕ್ಕೆ ಬೇಕಾದ ಯಂತ್ರವೂ ಇದೆ, ಕೈಚಳಕವೂ ಇದೆ. ಆದರೆ ಚೆಂದದ ಚಿತ್ರ ಒಂದು, ವಸ್ತುವನ್ನು ಉಳಿಸುವ ಚಿತ್ರ ಇನ್ನೊಂದು. ಕಲ್ಲು ಕಾಣೆಯಾದ ಮೇಲೂ ಅದು ಎಷ್ಟು ಅಗಲವಿತ್ತು, ಎಷ್ಟು ಸವೆದಿತ್ತು, ಯಾವ ಅಂಗಕ್ಕೆ ಮನೆಯವರು ಏನೆನ್ನುತ್ತಿದ್ದರು ಎಂದು ಹೇಳಬಲ್ಲ ಚಿತ್ರವೇ ಎರಡನೆಯದು. ಆ ಬಗೆಯ ಚಿತ್ರಣದ ವಿವರಗಳನ್ನು ಇಲ್ಲಿ ಕೊಡಲಾಗಿದೆ.

ತಾಲ್ಲೂಕಿಗೊಂದು ಕಲ್ಲು

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಸೇರಿದವು. ನೆಲದ ಗುಣ ಎಲ್ಲೆಡೆ ಒಂದೇ ಅಲ್ಲ. ಕುಷ್ಟಗಿ, ಯಲಬುರ್ಗಾ ಮಳೆಯಾಶ್ರಿತ ಬಯಲು. ಜೋಳ, ಸಜ್ಜೆ, ಕಡಲೆಯ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಬಳಿಕ ಗಂಗಾವತಿ ಭತ್ತದ ನಾಡಾಯಿತು. ಉಣ್ಣುವ ಕಾಳು ಬೇರೆಯಾದಂತೆ ಮನೆಯ ಕಲ್ಲೂ ಬೇರೆಯಾಗುತ್ತದೆ. ರೊಟ್ಟಿಯ ಮನೆಯಲ್ಲಿ ಬೀಸುಕಲ್ಲಿಗೆ ಮೊದಲ ಸ್ಥಾನ. ಅನ್ನದ ಮನೆಯಲ್ಲಿ ಒರಳು, ಒನಕೆಗೆ. ಆದ್ದರಿಂದ ಚಿತ್ರದ ಅಡಿಯಲ್ಲಿ ‘ಉತ್ತರ ಕರ್ನಾಟಕದ ಹಳೆಯ ವಸ್ತು’ ಎಂದಷ್ಟೇ ಬರೆದರೆ ಏನನ್ನೂ ಬರೆದಂತಾಗದು. ಊರು, ತಾಲ್ಲೂಕು, ಆ ಮನೆಯಲ್ಲಿ ಯಾವ ಕಾಳನ್ನು ಬೀಸುತ್ತಿದ್ದರು ಎಂಬುದು ಜೊತೆಗಿರಬೇಕು.

ಈ ಭಾಗದಲ್ಲಿ ಕಾಳು ಅರೆಯುವ ಕಲ್ಲಿನ ಚರಿತ್ರೆ ಬಹು ಹಿಂದಿನದು. ಬಳ್ಳಾರಿ ಬಳಿಯ ಸಂಗನಕಲ್ಲು, ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳ ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಅರೆಯುವ ಕಲ್ಲುಗಳು ದೊರೆತಿವೆ. ಆದರೆ ಅವು ತಿರುಗುವ ಕಲ್ಲುಗಳಲ್ಲ. ಕೈಗಲ್ಲನ್ನು ಹಿಂದೆ ಮುಂದೆ ತಳ್ಳಿ ಅರೆಯುವಂಥವು. ಎರಡು ದುಂಡು ಕಲ್ಲುಗಳ ಬೀಸುಕಲ್ಲು ಅದಕ್ಕಿಂತ ಬಹಳ ಈಚಿನದು. ಹಿತ್ತಲಿನ ಬೀಸುಕಲ್ಲಿಗೆ ‘ಆದಿಮಾನವನ ಕಾಲದ್ದು’ ಎಂಬ ಶೀರ್ಷಿಕೆ ಕೊಡುವ ಉತ್ಸಾಹವನ್ನು ಚಿತ್ರಕಾರರು ತಡೆದುಕೊಳ್ಳುವುದು ಒಳ್ಳೆಯದು.

ಬೀಸುವಾಗಿನ ಹಾಡು ಮಾತ್ರ ಅದೃಷ್ಟವಂತ. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಅನಂತರ ಅನೇಕ ವಿದ್ವಾಂಸರು ಆ ದಾರಿಯಲ್ಲಿ ನಡೆದರು. ಹೀಗಾಗಿ ಹಾಡು ಪುಸ್ತಕ ಸೇರಿತು. ಆ ಹಾಡಿಗೆ ತಾಳವಾಗಿದ್ದ ಕಲ್ಲಿನ ಅಳತೆಯನ್ನು ಬರೆದುಕೊಂಡವರು ವಿರಳ.

ಕಲ್ಲಿನ ಅಂಗಾಂಗ

ಚಿತ್ರ ಬರೆಯುವವರು ಮೊದಲು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಬೀಸುಕಲ್ಲಿನಲ್ಲಿ ಕೆಳಗಿನ ಕಲ್ಲು ಕದಲುವುದಿಲ್ಲ. ಅದರ ನಡುವೆ ಒಂದು ಗೂಟ ನಿಂತಿರುತ್ತದೆ. ಮೇಲಿನ ಕಲ್ಲಿನ ನಡುವಿನ ಬಾಯಿ ಆ ಗೂಟದ ಮೇಲೆ ಕೂಡುತ್ತದೆ. ಕಾಳನ್ನು ಹಿಡಿ ಹಿಡಿಯಾಗಿ ಹಾಕುವುದೂ ಅದೇ ಬಾಯಿಗೆ. ಅಂಚಿನ ಬಳಿ ಇನ್ನೊಂದು ಕುಳಿ ಇರುತ್ತದೆ. ಹಿಡಿದು ತಿರುಗಿಸುವ ಕಟ್ಟಿಗೆಯ ಗೂಟಕ್ಕೆ ಅದು ಆಸರೆ. ಎರಡು ಕಲ್ಲುಗಳ ಮುಖ ಮುಖ ಸೇರುವ ಭಾಗವನ್ನು ಉಳಿಯಿಂದ ಕಟೆದು ಒರಟು ಮಾಡಿರುತ್ತಾರೆ. ಬೀಸಿ ಬೀಸಿ ಈ ಒರಟು ನುಣುಪಾದಾಗ ಹಿಟ್ಟು ಸಣ್ಣಗಾಗುವುದಿಲ್ಲ. ಆಗ ಕಲ್ಲುಕುಟಿಗರನ್ನು ಕರೆದು ಮತ್ತೆ ಕಟೆಸಬೇಕಾಗುತ್ತಿತ್ತು. ಕಲ್ಲು ಕಟೆಯುವವರು ಓಣಿ ಓಣಿ ಕೂಗುತ್ತ ಬರುತ್ತಿದ್ದ ಕಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ.

ಪ್ರತಿ ಸಲ ಬೀಸಿದಾಗಲೂ, ಪ್ರತಿ ಸಲ ಕಟೆಸಿದಾಗಲೂ ಕಲ್ಲು ತುಸು ತುಸುವೇ ತೆಳುವಾಗುತ್ತದೆ. ಉದಾಹರಣೆಗೆ 40 ಸೆಂ.ಮೀ. ಅಗಲ, 8 ಸೆಂ.ಮೀ. ದಪ್ಪದ ಮೇಲ್ಗಲ್ಲನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಗ್ರಾನೈಟಿನ ಸಾಂದ್ರತೆಯ ಪ್ರಕಾರ ಅದರ ತೂಕ ಸುಮಾರು 27 ಕಿಲೋ. ಅದೇ ಕಲ್ಲು 5 ಸೆಂ.ಮೀ.ಗೆ ಇಳಿದಿದ್ದರೆ ತೂಕ ಸುಮಾರು 17 ಕಿಲೋ. ಉಳಿದ 10 ಕಿಲೋ ಕಲ್ಲು ಕಟೆಯುವವರ ಉಳಿಗೂ ಮನೆಯವರ ರೊಟ್ಟಿಗೂ ಹಂಚಿಹೋಗಿದೆ ಎಂದೇ ಅರ್ಥ. ಹಿಡಿಗೂಟದ ಕುಳಿ ನಡುವಿನಿಂದ 16 ಸೆಂ.ಮೀ. ದೂರದಲ್ಲಿದ್ದರೆ ಒಂದು ಸುತ್ತಿಗೆ ಬೀಸುವವಳ ಕೈ ಒಂದು ಮೀಟರ್ ಸಾಗುತ್ತದೆ. ಇಷ್ಟೆಲ್ಲವನ್ನೂ ಒಂದು ಒಳ್ಳೆಯ ರೇಖಾಚಿತ್ರದಿಂದ ಲೆಕ್ಕ ಹಾಕಬಹುದು. ಮೊಬೈಲಿನಲ್ಲಿ ತೆಗೆದ ಬಣ್ಣದ ಫೋಟೋದಿಂದ ಸಾಧ್ಯವಿಲ್ಲ.

ಚಹಾ ಪಾತ್ರೆಯ ಪಾಠ

ಮನೆಬಳಕೆಯ ವಸ್ತುವನ್ನು ಕಂಪ್ಯೂಟರಿನಲ್ಲಿ ಚಿತ್ರಿಸಿದ ಜಗತ್ಪ್ರಸಿದ್ಧ ನಿದರ್ಶನವೊಂದಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಮಾರ್ಟಿನ್ ನ್ಯೂವೆಲ್ ಅವರು 1975ರಲ್ಲಿ ತಮ್ಮ ಪ್ರಯೋಗಕ್ಕೆ ಒಂದು ವಸ್ತು ಬೇಕಾಗಿ, ಪತ್ನಿಯ ಸಲಹೆಯಂತೆ ಮನೆಯ ಬಿಳಿಯ ಚಹಾ ಪಾತ್ರೆಯನ್ನೇ ಆರಿಸಿಕೊಂಡರು. ಗ್ರಾಫ್ ಕಾಗದದ ಮೇಲೆ ಕಣ್ಣಂದಾಜಿನಲ್ಲಿ ಅದರ ರೂಪ ಬರೆದು, ಅಂಕಿಗಳನ್ನು ಕಂಪ್ಯೂಟರಿಗೆ ಊಡಿದರು. ಅಂಕಿಗಳು ಎಲ್ಲರಿಗೂ ಮುಕ್ತವಾಗಿ ದೊರೆತದ್ದರಿಂದ ‘ಯೂಟಾ ಟೀಪಾಟ್’ ಗ್ರಾಫಿಕ್ಸ್ ಕಲಿಯುವವರೆಲ್ಲರ ಮೊದಲ ಪಾಠದಂತಾಯಿತು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಕಂಪ್ಯೂಟರಿನ ಪಾತ್ರೆ ನಿಜವಾದ ಪಾತ್ರೆಗಿಂತ ಗಿಡ್ಡ. ಮೊದಲಿನ ಅಂಕಿಗಳಲ್ಲಿ ಅದಕ್ಕೆ ತಳವೂ ಇರಲಿಲ್ಲ. ಆದರೂ ಜಗತ್ತು ನಕಲು ಮಾಡಿದ್ದು ಆ ಗಿಡ್ಡ ರೂಪವನ್ನೇ. ಮೂಲ ಪಾತ್ರೆ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಸುರಕ್ಷಿತವಾಗಿರುವುದರಿಂದ ಈ ವ್ಯತ್ಯಾಸವನ್ನು ಇಂದಿಗೂ ಪರೀಕ್ಷಿಸಬಹುದು. ಯಲಬುರ್ಗಾದ ಯಾವುದೋ ಹಿತ್ತಲಿನ ಬೀಸುಕಲ್ಲಿಗೆ ಅಂತಹ ಮ್ಯೂಸಿಯಂ ಇಲ್ಲ. ಅದನ್ನು ರಸ್ತೆಯ ಕೆಳಗೆ ಜಲ್ಲಿಯಾಗಿ ಹಾಕಿದ ಮೇಲೆ ಚಿತ್ರ ಹೇಳಿದ್ದೇ ಸತ್ಯವಾಗುತ್ತದೆ. ತಿದ್ದಲು ಮೂಲವೇ ಇರುವುದಿಲ್ಲ.

ಮೊದಲು ದಾರ, ಆಮೇಲೆ ಮೌಸ್

ಆದಕಾರಣ ಕೆಲಸ ಆರಂಭವಾಗುವುದು ಕಂಪ್ಯೂಟರಿನ ಮುಂದೆ ಅಲ್ಲ, ಕಲ್ಲಿನ ಮುಂದೆ. ಬೇಕಾದ ಸಲಕರಣೆ ಬಹಳ ಕಡಿಮೆ: ಟೇಪು, ದರ್ಜಿಯ ದಾರ, ಎರಡು ಮಟ್ಟಗೋಲು, ಗ್ರಾಫ್ ಕಾಗದ, ಪೆನ್ಸಿಲ್. ಕಲ್ಲನ್ನು ತೊಳೆಯಬಹುದು, ಆದರೆ ತಂತಿಯ ಬ್ರಷ್‌ನಿಂದ ಉಜ್ಜಬಾರದು. ಕಟೆದ ಗೆರೆಗಳ ನಡುವೆ ಉಳಿದ ಹಳೆಯ ಹಿಟ್ಟಿನ ಕಣವೂ ಒಂದು ಪುರಾವೆಯೇ.

ಅಡ್ಡಗಲವನ್ನು ಒಂದೇ ಸಲ ಅಳೆದರೆ ಸಾಲದು. ಕೈಯಿಂದ ಕಟೆದ ಕಲ್ಲು ಪೂರ್ಣ ವೃತ್ತವಾಗಿರುವುದಿಲ್ಲ. ಎರಡು ಮೂರು ದಿಕ್ಕಿನಲ್ಲಿ ಅಳೆಯಬೇಕು. ಅಂಚಿನ ದಪ್ಪವನ್ನು ಕನಿಷ್ಠ ನಾಲ್ಕು ಕಡೆ ಅಳೆದು, ಹಿಡಿಗೂಟದ ಕುಳಿ ಯಾವ ಕಡೆಗಿದೆಯೋ ಅದನ್ನು ‘1’ ಎಂದು ಗುರುತಿಸಿ, ಉಳಿದವನ್ನು ಗಡಿಯಾರದ ದಿಕ್ಕಿನಲ್ಲಿ 2, 3, 4 ಎಂದು ಬರೆದುಕೊಳ್ಳಬೇಕು. ಬಾಯಿಯ ಮೇಲಿನ ಅಗಲ, ಕೆಳಗಿನ ಅಗಲ ಬೇರೆ ಬೇರೆಯಾಗಿರಬಹುದು. ಹಿಡಿಗೂಟದ ಕುಳಿ ಒಡೆದು ಇನ್ನೊಂದು ಕುಳಿ ಕೊರೆದಿದ್ದರೆ ಎರಡನ್ನೂ ದಾಖಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಮೇಲಿನ ಕಲ್ಲನ್ನು ಎತ್ತಿ ನೋಡಬೇಕು. ಕೆಲಸ ನಡೆಯುವುದು ಒಳಗಿನ ಮುಖದಲ್ಲಿ. ಹೊರಗಿನಿಂದ ಬರೆದ ಚಿತ್ರ ಮುಚ್ಚಿದ ಪೆಟ್ಟಿಗೆಯ ಚಿತ್ರದಂತೆ. ಇಬ್ಬರು ಸೇರಿ ಎತ್ತುವುದು ಲೇಸು, ಬೆರಳು ಜೋಪಾನ. ಒಳಮುಖದ ಗೆರೆಗಳನ್ನು ಕಾಪಿ ಮಾಡಲು ಸುಲಭದ ಉಪಾಯವಿದೆ. ತೆಳುವಾದ ಕಾಗದ ಹಾಸಿ, ಅಡ್ಡ ಹಿಡಿದ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರೆ ಗೆರೆಗಳ ಅಚ್ಚು ಕಾಗದದ ಮೇಲೆ ಮೂಡುತ್ತದೆ. ಶಾಲಾ ಮಕ್ಕಳು ನಾಣ್ಯದ ಅಚ್ಚು ತೆಗೆಯುವುದು ಹೀಗೆಯೇ.

ಪುರಾತತ್ವ ಇಲಾಖೆಯ ವರದಿಗಳಲ್ಲಿ ಮಡಕೆಗಳ ಚಿತ್ರವನ್ನು ನೋಡಿದವರಿಗೆ ಒಂದು ಪದ್ಧತಿ ಪರಿಚಿತವಿರಬಹುದು. ನಡುವೆ ಒಂದು ಲಂಬ ಗೆರೆ; ಒಂದು ಅರ್ಧದಲ್ಲಿ ವಸ್ತುವನ್ನು ಸೀಳಿದರೆ ಕಾಣುವ ಛೇದ, ಇನ್ನೊಂದು ಅರ್ಧದಲ್ಲಿ ಹೊರಗಿನ ನೋಟ; ಕೆಳಗೆ ಅಳತೆಯ ಪಟ್ಟಿ. ಬೀಸುಕಲ್ಲಿಗೆ ಇದಕ್ಕಿಂತ ಹೊಂದುವ ಪದ್ಧತಿ ಇನ್ನೊಂದಿಲ್ಲ. ಅದರ ಜೊತೆಗೆ ಮೇಲಿನಿಂದ ಕಂಡ ನೋಟ ಮತ್ತು ಎರಡು ಒಳಮುಖಗಳು ಸೇರಿದರೆ ಒಟ್ಟು ನಾಲ್ಕು ಚಿತ್ರ. 1:5ರ ಪ್ರಮಾಣದಲ್ಲಿ 40 ಸೆಂ.ಮೀ. ಕಲ್ಲು ಕಾಗದದ ಮೇಲೆ 8 ಸೆಂ.ಮೀ. ಆಗುತ್ತದೆ; ಒಂದು ಎ4 ಹಾಳೆಯಲ್ಲಿ ನಾಲ್ಕೂ ಹಿಡಿಯುತ್ತವೆ.

ಯಾವ ತಂತ್ರಾಂಶ?

ಚಿತ್ರದ ತಂತ್ರಾಂಶಗಳಲ್ಲಿ ಎರಡು ಜಾತಿ. ಫೋಟೋಶಾಪ್, ಗಿಂಪ್, ಕ್ರಿತಾ ಮುಂತಾದವು ಚಿತ್ರವನ್ನು ಚುಕ್ಕೆಗಳ ಜಾಲವಾಗಿ ಕಾಣುತ್ತವೆ. ಹಿಗ್ಗಿಸಿದಷ್ಟೂ ಅಂಚು ಒಡೆಯುತ್ತದೆ. ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್ ಮುಂತಾದ ವೆಕ್ಟರ್ ತಂತ್ರಾಂಶಗಳು ರೇಖೆಯನ್ನು ಗಣಿತವಾಗಿ ಇಟ್ಟುಕೊಳ್ಳುತ್ತವೆ. ಫ್ರಾನ್ಸಿನ ರೆನೊ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈಕಟ್ಟಿಗಾಗಿ ಬಳಕೆಗೆ ತಂದ ವಕ್ರರೇಖೆಗಳೇ ಇಂದಿಗೂ ಇವುಗಳ ಜೀವಾಳ. ಅಳತೆಯ ಚಿತ್ರಕ್ಕೆ ಎರಡನೆಯ ಜಾತಿಯೇ ಸೂಕ್ತ.

ಡಿಟಿಪಿ ಅಂಗಡಿಗಳಲ್ಲಿ ರೂಢಿಯಲ್ಲಿರುವುದು 1989ರಲ್ಲಿ ಮಾರುಕಟ್ಟೆಗೆ ಬಂದ ಕೋರೆಲ್‌ಡ್ರಾ. ಅದು ಸಮರ್ಥವೇ, ಆದರೆ ಬೆಲೆ ಹೆಚ್ಚು, ಮತ್ತು ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿ ತೆರೆಯದು. 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ಉಚಿತ, ಮುಕ್ತ. ಅದರ ಸ್ವಂತ ಕಡತರೂಪವಾದ ಎಸ್‌ವಿಜಿ 2001ರಿಂದ ಅಂತರಜಾಲದ ಅಂಗೀಕೃತ ಮಾನಕ. ತಂತ್ರಾಂಶವೇ ಇಲ್ಲದಿದ್ದರೂ ಈ ಕಡತವನ್ನು ಸಾಮಾನ್ಯ ಬ್ರೌಸರಿನಲ್ಲಿ ನೋಡಬಹುದು, ಅಕ್ಷರಗಳಾಗಿ ಓದಲೂಬಹುದು. ಐವತ್ತು ವರ್ಷ ಬಾಳಬೇಕಾದ ಚಿತ್ರಕ್ಕೆ ಇದು ಸಣ್ಣ ಅನುಕೂಲವಲ್ಲ. ಕೋರೆಲ್‌ಡ್ರಾ ಬಳಸುವವರು ಸಹ ಕೊನೆಗೆ ಎಸ್‌ವಿಜಿ ಮತ್ತು ಪಿಡಿಎಫ್ ಪ್ರತಿಗಳನ್ನು ತೆಗೆದಿಡುವುದು ಕ್ಷೇಮ.

ರೇಖೆ ಎಳೆಯುವ ಕ್ರಮ

ಪೆನ್ಸಿಲ್ ಚಿತ್ರವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಕಾಗದದ ಮೇಲಿನ 10 ಸೆಂ.ಮೀ. ಗೆರೆ 1181 ಚುಕ್ಕೆಗಳಾಗಿ ಬರುತ್ತದೆ. ಹಾಳೆಯ ಏಕಮಾನವನ್ನು ಮಿಲಿಮೀಟರಿಗೆ ಬದಲಿಸಿ, ಸ್ಕ್ಯಾನ್ ಪ್ರತಿಯನ್ನು ಕೆಳಗಿನ ಪದರದಲ್ಲಿ ಮಸುಕಾಗಿಸಿ, ಅಲುಗದಂತೆ ಬೀಗ ಹಾಕಬೇಕು. ಅದರ ಮೇಲೆ ಹೊರರೇಖೆ, ಛೇದ, ಒಳಮುಖದ ಗೆರೆ, ಕಟ್ಟಿಗೆಯ ಭಾಗ, ಹೆಸರುಗಳು ಎಂದು ಒಂದೊಂದಕ್ಕೆ ಒಂದೊಂದು ಪದರ. ಹೊರರೇಖೆ 0.5 ಮಿ.ಮೀ., ಒಳರೇಖೆ 0.25 ಮಿ.ಮೀ. ದಪ್ಪವಿದ್ದರೆ ಮುದ್ರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಓರೆಯಿಂದ ಕಂಡ ನೋಟವನ್ನೂ ಬರೆಯುವುದಾದರೆ ವೃತ್ತ ಅಂಡಾಕಾರವಾಗುತ್ತದೆ. ದೃಷ್ಟಿ ನೆಲಮಟ್ಟದಿಂದ 30 ಡಿಗ್ರಿ ಮೇಲಿದೆ ಎಂದುಕೊಂಡರೆ ಅಂಡದ ಎತ್ತರ ಅದರ ಅಗಲದ ಅರ್ಧ. ಮೇಲ್ಗಲ್ಲು, ಕೆಳಗಲ್ಲು, ಬಾಯಿ, ಕುಳಿ ಎಲ್ಲಕ್ಕೂ ಇದೇ ಪ್ರಮಾಣ ಇರಬೇಕು. ಒಂದು ತಪ್ಪಿದರೂ ಕಲ್ಲು ಜಾರಿಬೀಳುವಂತೆ ಕಾಣುತ್ತದೆ. ಹೊಸಬರು ಎಡವುವುದು ಬಹುಪಾಲು ಇಲ್ಲಿಯೇ.

ಇನ್ನೊಂದು ಅಪಾಯ ತಂತ್ರಾಂಶದ ಸೌಕರ್ಯದಿಂದಲೇ ಬರುತ್ತದೆ. ಒಂದು ಅರ್ಧ ಬರೆದು ಕನ್ನಡಿಯಂತೆ ತಿರುಗಿಸಿ ಜೋಡಿಸುವುದು ಒಂದು ಕ್ಷಣದ ಕೆಲಸ. ಚರಕಿಯಲ್ಲಿ ಕಡೆದ ಹಿತ್ತಾಳೆಯ ಸಮೆಗೆ ಇದು ಸರಿ. ಅದು ನಿಜವಾಗಿಯೂ ಎಲ್ಲ ಕಡೆಯಿಂದ ಒಂದೇ ರೂಪ. ಉಳಿಯಿಂದ ಕಟೆದ ಕಲ್ಲಿಗೆ ಹಾಗೆ ಮಾಡಿದರೆ ಸವೆದ ಬದಿಯೂ ಸವೆಯದ ಬದಿಯೂ ಒಂದೇ ಆಗಿ, ಯಾರೂ ಎಂದೂ ಬೀಸದ ಕಲ್ಲೊಂದು ಪರದೆಯ ಮೇಲೆ ಮೂಡುತ್ತದೆ. ನಾಲ್ಕು ಕಡೆ ದಪ್ಪ ಅಳೆದದ್ದು ವ್ಯರ್ಥ.

ಫೋಟೋವನ್ನು ತಾನೇ ರೇಖೆಯಾಗಿಸುವ ‘ಟ್ರೇಸ್’ ಸೌಲಭ್ಯವೂ ಇದೆ. ಅದಕ್ಕೆ ನೆರಳೂ ಒಂದೇ, ಅಂಚೂ ಒಂದೇ. ಸಂಜೆಯ ಬಿಸಿಲಿನಲ್ಲಿ ತೆಗೆದ ಫೋಟೋ ಕೊಟ್ಟರೆ ನೆರಳನ್ನೂ ಕಲ್ಲಿನ ಭಾಗವೆಂದು ಬರೆದುಕೊಡುತ್ತದೆ. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಚಿತ್ರಯಂತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ: ‘ಹಳೆಯ ಬೀಸುಕಲ್ಲು’ ಎಂದು ಕೇಳಿದರೆ ಅಂದವಾದ ಚಿತ್ರ ಬರುತ್ತದೆ, ಆದರೆ ಅದು ಯಾವ ಮನೆಯ ಕಲ್ಲೂ ಅಲ್ಲ. ಕ್ಯಾಲೆಂಡರಿಗೆ ಸಾಕು, ದಾಖಲೆಗೆ ಸಲ್ಲದು.

ಕಲ್ಲಿನ ಮೈ ತೋರಿಸಲು ಬೂದುಬಣ್ಣದ ಛಾಯೆ ತುಂಬುವುದಕ್ಕಿಂತ ಪುರಾತತ್ವ ಚಿತ್ರಕಾರರಂತೆ ಚುಕ್ಕೆಗಳನ್ನಿಡುವುದು ಮೇಲು. ಬೆಳಕು ಎಡ ಮೇಲ್ಭಾಗದಿಂದ ಬೀಳುತ್ತದೆ ಎಂಬುದು ರೂಢಿ. ಬಲ ಕೆಳಭಾಗಕ್ಕೆ ಹೋದಂತೆ ಚುಕ್ಕೆ ದಟ್ಟವಾಗುತ್ತದೆ. ಇಂಕ್‌ಸ್ಕೇಪಿನ ಸ್ಪ್ರೇ ಉಪಕರಣದಿಂದ ಇದು ಬೇಗ ಆಗುತ್ತದೆ. ಆದರೆ ಒಳಮುಖದ ಕಟೆದ ಗೆರೆಗಳನ್ನು ಸ್ಪ್ರೇಗೆ ಬಿಡಬಾರದು. ಪೆನ್ಸಿಲಿನ ಅಚ್ಚನ್ನು ಅನುಸರಿಸಿ ಒಂದೊಂದಾಗಿ ಎಳೆಯಬೇಕು. ಬೇಸರದ ಕೆಲಸ ನಿಜ. ಕಲ್ಲು ಕಟೆದವನೂ ಒಂದೊಂದಾಗಿಯೇ ಹೊಡೆದಿದ್ದ.

ಹೆಸರಿನ ತೊಡಕು

ಅಂಗಗಳ ಹೆಸರು ಬರೆಯುವಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಮಾತಿನದು. ನಡುವಿನ ಗೂಟಕ್ಕೂ ಹಿಡಿಗೂಟಕ್ಕೂ ಊರಿಂದ ಊರಿಗೆ ಬೇರೆ ಹೆಸರು. ಪುಸ್ತಕದ ಹೆಸರನ್ನು ಹೇರದೆ, ಆ ಮನೆಯಲ್ಲಿ ಬೀಸಿದ ಹಿರಿಯ ಹೆಣ್ಣುಮಗಳು ಏನೆನ್ನುತ್ತಾರೋ ಅದನ್ನೇ ಬರೆಯಬೇಕು. ಆಡುಮಾತಿನಲ್ಲಿದ್ದರೆ ಆಡುಮಾತಿನಲ್ಲಿಯೇ ಇರಲಿ. ಮದುವೆಯಲ್ಲಿ ಮುತ್ತೈದೆಯರು ಪೂಜಿಸುವ ಕಲ್ಲೂ ಇದೇ ಆದ್ದರಿಂದ ಆ ಸಂದರ್ಭದ ಬೇರೆ ಹೆಸರುಗಳೂ ಸಿಗಬಹುದು.

ಎರಡನೆಯದು ಅಕ್ಷರದ್ದು. ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ ನುಡಿ, ಶ್ರೀಲಿಪಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳು ಯೂನಿಕೋಡ್ ಅಲ್ಲ. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ‘ಬೀಸುಕಲ್ಲು’ ಎಂಬ ಪದ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಅಂಗಡಿಯವರು ಅಕ್ಷರವನ್ನು ರೇಖೆಯಾಗಿ ಪರಿವರ್ತಿಸುವುದುಂಟು. ಆಗ ನೋಟ ಕೆಡುವುದಿಲ್ಲ. ಆದರೆ ಅದು ಪದವಾಗಿ ಉಳಿಯುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ. ಕನ್ನಡ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಇದೆ. ಹೆಸರುಗಳನ್ನು ಯೂನಿಕೋಡಿನಲ್ಲಿಯೇ ಬರೆದು, ಮುದ್ರಣಕ್ಕೆ ಬೇಕಾದರೆ ಮಾತ್ರ ಇನ್ನೊಂದು ಪ್ರತಿಯಲ್ಲಿ ರೇಖೆಯಾಗಿಸುವುದು ಸರಿಯಾದ ಕ್ರಮ.

ಅಳತೆಯೂ ಹೀಗೆಯೇ ಮೋಸ ಮಾಡಬಲ್ಲದು. ಇಂಕ್‌ಸ್ಕೇಪ್ 2017ರ 0.92 ಆವೃತ್ತಿಯವರೆಗೆ ಒಂದು ಅಂಗುಲಕ್ಕೆ 90 ಚುಕ್ಕೆ ಎಂದು ಎಣಿಸುತ್ತಿತ್ತು. ಆ ಆವೃತ್ತಿಯಿಂದ 96 ಎಂದು ಬದಲಾಯಿತು. ಹಳೆಯ ಕಡತ ತೆರೆಯುವಾಗ ತಂತ್ರಾಂಶ ಎಚ್ಚರಿಕೆಯ ಪ್ರಶ್ನೆ ಕೇಳುತ್ತದೆ. ಓದದೆ ಒತ್ತಿದರೆ 40 ಸೆಂ.ಮೀ. ಕಲ್ಲು 37.5 ಸೆಂ.ಮೀ.ಗೆ ಕುಗ್ಗಬಹುದು. ಚಿತ್ರದೊಳಗೇ ಒಂದು ಅಳತೆ ಪಟ್ಟಿ ಇದ್ದರೆ ಪಟ್ಟಿಯೂ ಕಲ್ಲಿನೊಡನೆ ಕುಗ್ಗುವುದರಿಂದ ನಿಜವಾದ ಅಳತೆ ತಿಳಿಯುತ್ತದೆ. ‘1:5’ ಎಂದು ಅಕ್ಷರದಲ್ಲಿ ಬರೆದದ್ದು ಇಲ್ಲಿ ಕೆಲಸಕ್ಕೆ ಬಾರದು.

ಕಿನ್ನಾಳದ ಹೊಳಪು

ಕಲ್ಲಿಗೆ ಬಣ್ಣದ ತಂಟೆ ಇಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಕಟ್ಟಿಗೆಯ ವಸ್ತುವನ್ನು ಚಿತ್ರಿಸಲು ಹೊರಟವರಿಗೆ ಬಣ್ಣವೇ ಎಲ್ಲ. ವಿಜಯನಗರದ ಕಾಲದ ಚಿತ್ರಕಲೆಯೊಡನೆ ನಂಟು ಹೇಳಿಕೊಳ್ಳುವ ಇಲ್ಲಿನ ಚಿತ್ರಗಾರ ಕುಟುಂಬಗಳು ಹಗುರವಾದ ಕಟ್ಟಿಗೆಯಲ್ಲಿ ದೇವರ ಮೂರ್ತಿ, ಗೌರಿ, ಗರುಡ, ಗೊಂಬೆ, ಪೀಠಗಳನ್ನು ಮಾಡುತ್ತ ಬಂದಿವೆ. ಕಟ್ಟಿಗೆಯ ಜೋಡಣೆಯನ್ನು ಹುಣಸೆ ಬೀಜದ ಸರಿ ಮತ್ತು ಹೊಟ್ಟಿನ ಮಿಶ್ರಣದಿಂದ ಮುಚ್ಚಿ, ಮೇಲೆ ಹದಗೊಳಿಸಿದ ಲೇಪ ಕೊಟ್ಟು, ಆಭರಣದ ಭಾಗಗಳನ್ನು ಉಬ್ಬಾಗಿ ಎಬ್ಬಿಸುತ್ತಾರೆ. ‘ಲಾಜವಾರ’ ಎಂಬ ವಿಧಾನದಲ್ಲಿ ತವರದ ಹಾಳೆಯನ್ನು ಪುಡಿಮಾಡಿ, ಅಂಟಿನೊಡನೆ ಬೆರೆಸಿ ಹಚ್ಚಿ, ಉಜ್ಜಿ ಹೊಳಪು ಬರಿಸಿ, ಮೇಲೆ ವಾರ್ನಿಷ್ ಕೊಟ್ಟಾಗ ಬಂಗಾರದ ಛಾಯೆ ಬರುತ್ತದೆ.

ಈ ಹೊಳಪಿಗೆ ಪರದೆಯ ಮೇಲೆ ಸಮನಾದ ಬಣ್ಣವಿಲ್ಲ. ಹಳದಿ ತುಂಬಿದರೆ ಹಳದಿಯಾಗಿಯೇ ಕಾಣುತ್ತದೆ. ಹಳದಿಯಿಂದ ಕಂದಿಗೆ ಇಳಿಯುವ ಗ್ರೇಡಿಯೆಂಟ್ ಹಾಕಿದರೆ ಫ್ಲೆಕ್ಸಿನ ಬಂಗಾರದಂತೆ ಕಾಣುತ್ತದೆ. ಪ್ರಾಮಾಣಿಕ ಮಾರ್ಗವೆಂದರೆ ಲಾಜವಾರದ ಭಾಗವನ್ನು ಪ್ರತ್ಯೇಕ ಪದರದಲ್ಲಿಟ್ಟು, ಅಲ್ಲಿ ಇರುವುದು ಬಣ್ಣವಲ್ಲ, ಲೋಹದ ಪುಡಿ ಎಂದು ಪಕ್ಕದಲ್ಲಿ ಬರೆಯುವುದು. ಹಳೆಯ ವಸ್ತುವಿನಲ್ಲಿ ಬಣ್ಣ ಹಾರಿದ ಕಡೆ ಹಾರಿದಂತೆಯೇ ತೋರಿಸಬೇಕು. ಅಲ್ಲಿಯೇ ಕೆಳಗಿನ ಲೇಪ ಕಣ್ಣಿಗೆ ಬೀಳುತ್ತದೆ. ಕೆಲಸದ ಕ್ರಮ ಅರಿಯಲು ಬೇರೆ ಕಿಟಕಿ ಇಲ್ಲ.

ಕಿನ್ನಾಳದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಕಲೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯುತ್ತದೆ: ಬೇರೆಡೆ ಮಾಡಿದ ಗೊಂಬೆಯನ್ನು ಕಿನ್ನಾಳದ್ದೆಂದು ಮಾರುವಂತಿಲ್ಲ. ಆದರೆ ಅಚ್ಚುಕಟ್ಟಾದ ವೆಕ್ಟರ್ ಚಿತ್ರವೊಂದು ಕೈಗೆ ಸಿಕ್ಕರೆ ಅದನ್ನು ಚೀಲ, ಗೋಡೆಗಡಿಯಾರ, ಪ್ಲಾಸ್ಟಿಕ್ ತಟ್ಟೆಗಳ ಮೇಲೆ ಎಷ್ಟು ಸಾವಿರ ಬೇಕಾದರೂ ಅಚ್ಚು ಹಾಕಬಹುದು; ಕೈಯಿಂದ ಬರೆಯುವ ಚಿತ್ರಗಾರನಿಗೆ ಅದರಿಂದ ಬಿಡಿಗಾಸೂ ಇಲ್ಲ. ಆದ್ದರಿಂದ ಸವೆದ ಬೀಸುಕಲ್ಲಿನ ಚಿತ್ರವನ್ನು ಎಲ್ಲರಿಗೂ ತೆರೆದಿಡುವುದು ಒಂದು ಬಗೆಯಾದರೆ, ಇಂದಿಗೂ ಆ ಕಸುಬಿನಿಂದಲೇ ಅನ್ನ ಕಾಣುವವರ ವಿನ್ಯಾಸವನ್ನು ತೆರೆದಿಡುವುದು ಬೇರೆ ಬಗೆ. ಎರಡನೆಯದಕ್ಕೆ ಅವರ ಒಪ್ಪಿಗೆ ಮೊದಲು ಬೇಕು.

ಕಾನೂನು ಮತ್ತು ಠಿಕಾಣಿ

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಹಳೆಯದಾದ ವಸ್ತು ಪುರಾವಸ್ತು. ಅಂತಹದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಚಿತ್ರ ಬರೆಯಲು ಯಾವ ಅಡ್ಡಿಯೂ ಇಲ್ಲ. ಆದರೆ ಬೀಸುಕಲ್ಲಿನ ಮೇಲೆ ಇಸವಿ ಕೆತ್ತಿರುವುದಿಲ್ಲ. ‘ಇನ್ನೂರು ವರ್ಷ ಹಳೆಯದು’ ಎಂದು ಬರೆಯುವ ಬದಲು, ಕಲ್ಲು ಯಾರ ಕಾಲದಲ್ಲಿ, ಯಾವ ಊರಿನಿಂದ ಮನೆಗೆ ಬಂತು, ಕೊನೆಯ ಸಲ ಬೀಸಿದ್ದು ಯಾವಾಗ ಎಂದು ಮನೆಯವರು ಹೇಳಿದ್ದನ್ನು ಹಾಗೆಯೇ ದಾಖಲಿಸಿದರೆ ಮುಂದೆ ನೋಡುವವರಿಗೆ ಹೆಚ್ಚು ಉಪಯೋಗ. ಮನೆಯವರ ಹೆಸರು, ವಿಳಾಸ ಪ್ರಕಟಿಸುವ ಅಗತ್ಯವಿಲ್ಲ. ಹಿತ್ತಾಳೆ, ತಾಮ್ರದ ಬೆಲೆಬಾಳುವ ವಸ್ತುಗಳ ವಿಷಯದಲ್ಲಿ ಪ್ರಕಟಿಸದಿರುವುದೇ ವಿವೇಕ.

ವಸ್ತುವನ್ನೇ ಕೊಡಲು ಇಚ್ಛಿಸುವ ಮನೆತನಗಳಿಗೆ ದಾರಿಗಳು ಕೆಲವಿವೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಮನೆಬಳಕೆಯ ವಸ್ತುಗಳ ದೊಡ್ಡ ಸಂಗ್ರಹವಿದೆ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವಂತೂ 1960ರ ದಶಕದಿಂದಲೂ ಇದೆ. ಆದರೆ ಕುಷ್ಟಗಿಯಿಂದ ಒಂದು ಜೋಡಿ ಕಲ್ಲನ್ನು ಅಷ್ಟು ದೂರ ಹೊತ್ತೊಯ್ಯುವವರು ಯಾರು? ಚಿತ್ರಕ್ಕೆ ಮಾತ್ರ ಆ ಭಾರವಿಲ್ಲ.

ಸಿದ್ಧವಾದ ಎಸ್‌ವಿಜಿ ಕಡತವನ್ನು ವಿಕಿಮೀಡಿಯ ಕಾಮನ್ಸ್‌ನಂತಹ ಮುಕ್ತ ಭಂಡಾರಕ್ಕೆ ಸೇರಿಸಬಹುದು. ಅಲ್ಲಿಂದ ಕನ್ನಡ ವಿಕಿಪೀಡಿಯದ ಲೇಖನಗಳಿಗೂ ಬಳಕೆಯಾಗುತ್ತದೆ. ಸೇರಿಸುವಾಗ ವಿವರಣೆಯನ್ನು ಕನ್ನಡದಲ್ಲಿಯೂ ಬರೆಯಬೇಕು. ಇಂಗ್ಲಿಷಿನ ಒಂದೇ ಹೆಸರಿನಡಿ ಜಗತ್ತಿನ ಎಲ್ಲ ದೇಶಗಳ ಬೀಸುಕಲ್ಲುಗಳೂ ಒಂದಾಗಿ ಬೆರೆತುಹೋಗುತ್ತವೆ. ಕಡತದ ಹೆಸರಿನಲ್ಲಿ ವಸ್ತು, ಊರು, ತಾಲ್ಲೂಕು, ಚಿತ್ರಿಸಿದ ಇಸವಿ ಇರಲಿ. ಪೆನ್ಸಿಲಿನ ಮೂಲ ಹಾಳೆ ಮತ್ತು ಅಚ್ಚು ತೆಗೆದ ಕಾಗದವನ್ನು ಸ್ಕ್ಯಾನ್ ಆಯಿತೆಂದು ಎಸೆಯದೆ, ಮಡಿಸದೆ, ಒಂದು ಕಡತದಲ್ಲಿ ಚಪ್ಪಟೆಯಾಗಿ ಇಡತಕ್ಕದ್ದು.